ಐಲ್ಸಾಳ ಸ್ಕೋಪು, ಅಳಿಯನ ಸ್ಕೋಪು

ಮರ್ಚಿಸನ್ ಊರಿನ ಐಲ್ಸಾ ರಾತ್‌ಗೆನ್‌ಗೆ ಸಿಟ್ಟು ಬರುವುದು ಹೊಸ ಸುದ್ದಿಯಲ್ಲ. ಶಾಲೆಯ ಬಸ್ಸು ಓಡಿಸುವ ಹೆಂಗಸು ಅವಳು. ಸೀಟಿನ ಮೇಲೆ ಕೆಸರುಗಾಲಿಡುವ ಮಕ್ಕಳಿಂದ ಹಿಡಿದು, ಕಿರಿದಾದ ಸೇತುವೆಯ ನಡುವೆ ಕಾರು ನಿಲ್ಲಿಸಿ ಹೊಳೆಯ ಫೋಟೊ ತೆಗೆಯುವ ಪ್ರವಾಸಿಗಳವರೆಗೆ ಎಲ್ಲರೂ ಅವಳ ಬಾಯಿಗೆ ಬಿದ್ದವರೇ. ಬೈದು ಮುಗಿದ ಮೇಲೆ ಮರೆತುಬಿಡುತ್ತಾಳೆ ಎಂದು ಊರಿನವರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಈಗ ಹೇಳಹೊರಟಿರುವ ಸಿಟ್ಟನ್ನು ಮಾತ್ರ ಅವಳು ಮರೆತಿಲ್ಲ. ಮರೆಯಲೂ ಬಾರದು.

ಅವಳ ರೈಫಲ್ಲಿನ ಮೇಲೆ ಗಂಡ ಡೆಸ್ ಮದುವೆಯ ಹೊಸದರಲ್ಲಿ ಕೂರಿಸಿಕೊಟ್ಟಿದ್ದ, ದೂರದ್ದನ್ನು ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ಗುರಿಗಾಜು, ಸ್ಕೋಪು, ಇತ್ತು. ತಿರುಗಿಸಲು ಹೊಂದಿಸಲು ಅದರಲ್ಲಿ ಏನೂ ಇರಲಿಲ್ಲ. ಎತ್ತಿ ನೋಡಿದರೆ ಜಿಂಕೆ ಕಾಣಬೇಕು, ಕಾಣುತ್ತಿತ್ತು. ಅದು ಕಾಣಿಸಿದ ಜಿಂಕೆಗಳ ಮಾಂಸವನ್ನೇ ಆ ಮನೆ ವರ್ಷಗಟ್ಟಲೆ ಉಂಡಿದೆ. ಡೆಸ್‌ನ ಮಂಡಿ ಕೈಕೊಟ್ಟ ಮೇಲೆ ಬೆಟ್ಟ ಹತ್ತುವುದು ಐಲ್ಸಾಳ ಪಾಲಿಗೆ, ಮನೆಯಲ್ಲಿ ಕೂತು ಸಾಸೇಜು ತುಂಬುವುದು ಅವನ ಪಾಲಿಗೆ ಬಂತು. ಆದರೆ ಕಳೆದ ಚಳಿಗಾಲದಿಂದ ಸ್ಕೋಪಿನ ಗಾಜಿನ ಒಳಗಡೆಯೇ ಮಂಜು ಕಟ್ಟತೊಡಗಿತು. ಹೊರಗಿನ ಮಂಜನ್ನು ಒರೆಸಬಹುದು, ಒಳಗಿನದಕ್ಕೆ ಏನು ಮಾಡುವುದು? ಏಪ್ರಿಲ್ ಬಂದರೆ ಗಂಡು ಜಿಂಕೆಗಳು ಗುಟುರು ಹಾಕುವ ಕಾಲ. ಅದಕ್ಕೆ ಮೊದಲು ಹೊಸದೊಂದನ್ನು ಕೊಳ್ಳಲೇಬೇಕೆಂದು ಅವಳು ನೆಲ್ಸನ್ ಪೇಟೆಗೆ ಹೊರಟಳು. ಅಳಿಯ ಬ್ರೆಂಟನ್ ತಾನೂ ಬರುತ್ತೇನೆಂದ.

ಬ್ರೆಂಟನ್ ಕ್ರೈಸ್ಟ್‌ಚರ್ಚಿನ ಹುಡುಗ, ವಿದ್ಯುತ್ ಕೆಲಸದವನು. ಐಲ್ಸಾಳ ಮಗಳು ಟೆಸ್‌ಳನ್ನು ಕಟ್ಟಿಕೊಂಡು ಈ ಕಣಿವೆಗೆ ಬಂದವನು ಇಲ್ಲಿಯವನೇ ಆಗಿಬಿಡಬೇಕೆಂದು ಹಟ ತೊಟ್ಟಿದ್ದ. ಕೆಟ್ಟವನಲ್ಲ. ಕರೆಯದೆಯೇ ಬಂದು ಸೌದೆ ಒಡೆದುಕೊಡುತ್ತಿದ್ದ. ಬೇಟೆಗೆ ಇಳಿದು ಎರಡು ವರ್ಷವಾಗಿತ್ತು, ಮಾತು ಮಾತ್ರ ಇಪ್ಪತ್ತು ವರ್ಷದವನದು.

ಅಂಗಡಿಯ ಗಡ್ಡದವನು ಐಲ್ಸಾಳ ಮಾತು ಪೂರ್ತಿ ಕೇಳುವ ಮೊದಲೇ ಕಪಾಟಿನಿಂದ ಒಂದು ದೈತ್ಯನನ್ನು ಇಳಿಸಿ ಮುಂದಿಟ್ಟ.

"ಇಪ್ಪತ್ತನಾಲ್ಕು ಪಟ್ಟು ದೊಡ್ಡದು ಮಾಡುತ್ತೆ ಮೇಡಂ. ಆಚೆ ಗುಡ್ಡದ ಜಿಂಕೆಯ ಕಣ್ಣಿನ ರೆಪ್ಪೆ ಕಾಣುತ್ತೆ."

"ರೆಪ್ಪೆ ಕಂಡು ನಾನೇನು ಮಾಡ್ಲಪ್ಪ? ಅದಕ್ಕೆ ಮೇಕಪ್ ಮಾಡಕ್ಕೆ ಬಂದಿದೀನಾ?"

"ಅತ್ತೆ, ಒಂದ್ಸಲ ನೋಡಿ ಆದ್ರೂ ಹೇಳಿ," ಎಂದ ಬ್ರೆಂಟನ್. ಅವನ ಕೈ ಆಗಲೇ ಅದರ ಮೇಲಿತ್ತು.

"ನೋಡೋದೇನಿದೆ? ನಾನು ಹೊಡೆಯೋದು ನೂರು, ನೂರೈವತ್ತು ಮೀಟರಲ್ಲಿ. ಬಹಳ ಅಂದ್ರೆ ಇನ್ನೂರು. ಮರದ ಮಧ್ಯೆ ಇದ್ರೆ ಐವತ್ತೂ ಇರಲ್ಲ. ಅಷ್ಟು ಹತ್ರದಲ್ಲಿ ಇದನ್ನ ಹಿಡಿದ್ರೆ ಏನು ಕಾಣುತ್ತೆ ಹೇಳು? ಕೂದಲು. ಬರೀ ಕೂದಲು. ಅದು ಜಿಂಕೆದೋ, ನಮ್ಮ ಡೆಸ್‌ನ ಸ್ವೆಟರಿಂದೋ ದೇವರಿಗೇ ಗೊತ್ತು."

ಗಡ್ಡದವನು ನಕ್ಕ. ಐಲ್ಸಾ ನಗಲಿಲ್ಲ. ತನಗೆ ಬೇಕಾದುದನ್ನು ಬಸ್ಸಿನ ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದಳು. ಕಡಿಮೆ ಮಾಡಿದರೆ ಎರಡು ಮೂರು ಪಟ್ಟಿಗೆ ಇಳಿದು ನಿಲ್ಲಬೇಕು. ಆಗ ನೋಟ ಅಗಲವಾಗಿ, ಪ್ರಾಣಿ ಪೂರ್ತಿ ಕಾಣುತ್ತದೆ, ಅದರ ಹಿಂದೆ ಏನಿದೆ ಎಂಬುದೂ ಕಾಣುತ್ತದೆ. ಹೆಚ್ಚೆಂದರೆ ಏಳೋ ಒಂಬತ್ತೋ ಪಟ್ಟು ಸಾಕು. ಮುಂದಿನ ಗಾಜು ಬೋಗುಣಿಯಷ್ಟು ದೊಡ್ಡದಿರಬಾರದು. ಸ್ಕೋಪು ತಗ್ಗಾಗಿ ಕೂತರೆ ತಾನೇ ಕೆನ್ನೆ ಬಂದೂಕಿನ ಹಿಡಿಗೆ ಒರಗುವುದು? ಗಾಜಿನೊಳಗೆ ಗುರಿ ತೋರುವ ಅಡ್ಡಗೆರೆ ಉದ್ದಗೆರೆ ದಪ್ಪಗಿರಬೇಕು. ಮಳೆಯಲ್ಲಿ ನೆನೆದರೂ ಒಳಗೆ ಮಂಜು ಕಟ್ಟಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಮುಸ್ಸಂಜೆಯಲ್ಲಿ ಕಾಣಬೇಕು, ಯಾಕೆಂದರೆ ಜಿಂಕೆ ಮರದ ಮರೆಯಿಂದ ಆಚೆ ಬರುವುದೇ ಆಗ.

ಅಂಗಡಿಯ ದೀಪದ ಕೆಳಗೆ ಎಲ್ಲ ಸ್ಕೋಪೂ ಚೆನ್ನಾಗಿಯೇ ಕಾಣುತ್ತದೆ ಎಂದು ಹೇಳಿ, ಬಾಗಿಲು ಹಾಕುವ ಹೊತ್ತಿನವರೆಗೆ ಅಲ್ಲೇ ಠಿಕಾಣಿ ಹೂಡಿದಳು. ಬೆಳಕು ಇಳಿದ ಮೇಲೆ ಬಂದೂಕಿಗೆ ಕೂರಿಸದ ಬರಿಯ ಸ್ಕೋಪುಗಳನ್ನು ಕೈಯಲ್ಲಿ ಹಿಡಿದು ಹೊರಗೆ ಹೋಗಿ, ರಸ್ತೆಯಾಚೆ ನಿಂತಿದ್ದ ಲಾರಿಯ ಅಡಿಯ ಕತ್ತಲನ್ನು ಒಂದೊಂದರಿಂದ ನೋಡಿದಳು. ಮೂರನೆಯದರಲ್ಲಿ ಚಕ್ರದ ಹಿಂದೆ ಮಲಗಿದ್ದ ಬೆಕ್ಕು ಕಂಡಿತು. ಅದನ್ನೇ ಕೊಂಡಳು. ಬೆಲೆಯಲ್ಲಿ ಅದು ದೈತ್ಯನ ಕಾಲಿಗೂ ಸಾಟಿಯಲ್ಲ. ಗಡ್ಡದವನ ಮುಖ ಸಪ್ಪಗಾಯಿತು.

ದೈತ್ಯನನ್ನು ಬ್ರೆಂಟನ್ ಕೊಂಡ. ಐಲ್ಸಾ ಬೇಡವೆಂದಳು, ಅದೂ ಒಂದೇ ಸಲ. ತನ್ನ ಸ್ಕೋಪಿಗಾಗಿ ಅರ್ಧ ದಿನ ಜಗಳವಾಡಿದವಳು ಅವನದಕ್ಕೆ ಐದು ನಿಮಿಷವೂ ಜಗಳವಾಡಲಿಲ್ಲ. "ಹೊರೋ ಭುಜ ನಿಂದು," ಎಂದು ಹೇಳಿ ಕಾರು ಹತ್ತಿದಳು.

ಅವರು ಬೇಟೆಗೆ ಹೋಗುವ ಹಿಂದಿನ ಕಣಿವೆಗೆ ಆಲ್ಬಿ ಸ್ಟ್ಯಾಕ್‌ನ ದನದ ಹುಲ್ಲುಗಾವಲು ದಾಟಿಯೇ ಹೋಗಬೇಕು. ಆಲ್ಬಿ ಎಲ್ಲರನ್ನೂ ಒಳಗೆ ಬಿಡುವವನಲ್ಲ. ಅವನು ಒಬ್ಬರ ಹೆಸರಿಗೆ ಅಪ್ಪಣೆ ಕೊಡುತ್ತಾನೆ, ಕರೆದುಕೊಂಡು ಬಂದವರಿಗೆಲ್ಲ ಆ ಒಬ್ಬರೇ ಹೊಣೆ. ಬಂದೂಕಿನ ವಿಷಯದಲ್ಲಿ ಎಡವಟ್ಟಾದರೆ, ಯಾರಿಗೂ ಪೆಟ್ಟಾಗದಿದ್ದರೂ, ತಾವೇ ಬಂದು ಅವನ ಅಡಿಗೆಮನೆಯಲ್ಲಿ ಹೇಳಬೇಕು. ಹೇಳಿದ ಮೇಲೆ ಆ ಹೆಸರಿಗೆ ಕಣಿವೆ ಮುಚ್ಚಿತು. ಅವನ ಅಣ್ಣ ನೆವಿಲ್ ಒಂದು ಗುಟುರಿನ ಕಾಲದಲ್ಲಿ ಜೊತೆಗಾರನ ಗುಂಡಿಗೇ ಸತ್ತ ಮೇಲೆ ಆಲ್ಬಿ ಮಾಡಿದ ನಿಯಮ ಇದು. ಐಲ್ಸಾಳ ಹೆಸರು ಅಲ್ಲಿ ಮಗಳು ಹುಟ್ಟುವ ಮೊದಲಿನಿಂದ ಇತ್ತು. ಬೇರೆ ಆಸ್ತಿಯೇನೂ ಇಲ್ಲದವಳಿಗೆ ಆ ಹೆಸರೇ ಆಸ್ತಿ.

ಏಪ್ರಿಲ್ಲಿನ ಮೊದಲ ವಾರ ಐಲ್ಸಾ, ಬ್ರೆಂಟನ್, ಟೆಸ್ ಮೂವರೂ ಕಣಿವೆಯ ತಲೆಯಲ್ಲಿರುವ ತಗಡಿನ ಗುಡಿಸಲು ಸೇರಿದರು. ಟೆಸ್ ಬೇಟೆಯವಳಲ್ಲ, ಓದಲು ಪುಸ್ತಕ ಹಿಡಿದು ಬಂದವಳು. ಬೆಳಿಗ್ಗೆ ಐಲ್ಸಾ ತೊರೆಯನ್ನು ತೋರಿಸಿ ಅಳಿಯನಿಗೆ ಹೇಳಿದಳು:

"ಎಡಗಡೆ ನಂದು, ಬಲಗಡೆ ನಿಂದು. ಗಂಡು ಬಂದು ನಿನ್ನ ಕಿವೀಲಿ ಗುಟುರು ಹಾಕಿದ್ರೂ ನೀನು ತೊರೆ ದಾಟೋ ಹಾಗಿಲ್ಲ."

"ಆಯ್ತು ಅತ್ತೆ, ಗೊತ್ತು."

"ಗೊತ್ತು ಅನ್ನೋರಿಗೇ ನಾನು ಹೇಳೋದು."

ಗಂಡಿನ ಗುಟುರಿಗೆ ಬೇಟೆಗಾರರೂ ಗುಟುರು ಹಾಕಿ ಅದನ್ನು ಕೆಣಕಿ ಕರೆಯುತ್ತಾರೆ. ಐಲ್ಸಾಳ ಸಾಧನ ಹಳೆಯ ವ್ಯಾಕ್ಯೂಮ್ ಕ್ಲೀನರಿನ ಕೊಳವೆ. ಬ್ರೆಂಟನ್‌ನದು ಹಸುವಿನ ಕೊಂಬು. ಅದರಲ್ಲಿ ಅವನು ಹಾಕುವ ಗುಟುರು ಕೊನೆಯಲ್ಲಿ ಕೆಮ್ಮಿನಂತೆ ಒಡೆಯುತ್ತಿತ್ತು. ಅಂದು ಬೆಳಗಿನಿಂದ ಆ ಕೆಮ್ಮು ಬಲಗಡೆಯಿಂದಲೇ ಕೇಳುತ್ತಿದ್ದುದರಿಂದ ಐಲ್ಸಾ ನೆಮ್ಮದಿಯಾಗಿದ್ದಳು. ಗುಡ್ಡ ಕುಸಿದು ಬಯಲಾದ ಜಾಗದ ಅಂಚಿನಲ್ಲಿ ಕೂತು, ಫ್ಲಾಸ್ಕಿನ ಚಹಾ ಕುಡಿಯುತ್ತ, ದುರ್ಬೀನು ಹಿಡಿದು ಮರಗಳ ಸಂದಿ ನೋಡಿದಳು. ಒಂದು ಹೆಣ್ಣು ಜಿಂಕೆ ಮರಿಯೊಂದಿಗೆ ಹಾದುಹೋಯಿತು, ಬಿಟ್ಟಳು. ಅಂದು ಹೊಸ ಸ್ಕೋಪಿಗೆ ಕೆಲಸವೇ ಬೀಳಲಿಲ್ಲ.

ಸಂಜೆ ಅವಳು ಮಾಂಸದ ಸಾರು ಕಲಕುತ್ತಿದ್ದಾಗ ಬ್ರೆಂಟನ್ ಬಂದ. ಅವನಿಗೂ ಏನೂ ಸಿಕ್ಕಿರಲಿಲ್ಲ, ಆದರೂ ಮುಖ ಅರಳಿತ್ತು. ರೈಫಲ್ಲನ್ನು ಬಾಗಿಲ ಪಕ್ಕ ಒರಗಿಸಿ, ಬೂಟು ಕಳಚುತ್ತಲೇ ಶುರುಮಾಡಿದ.

"ಅತ್ತೆ, ನೀವು ಏನೇ ಹೇಳಿ, ಕೊಟ್ಟ ಕಾಸಿಗೆ ಮೋಸ ಇಲ್ಲ. ಮಧ್ಯಾಹ್ನ ಆ ಕುಸಿದ ಗುಡ್ಡದ ಹತ್ರ ಏನೋ ಅಲ್ಲಾಡ್ತು. ಕಂದು ಬಣ್ಣ. ಎತ್ತಿ ನೋಡ್ತೀನಿ, ನೀವು. ಎಷ್ಟು ಸ್ಪಷ್ಟ ಅಂತೀರಾ! ನಿಮ್ಮ ಕೋಟಿನ ಮೇಲಿಂದ ಎರಡನೇ ಗುಂಡಿ ಒಡೆದಿದೆಯಲ್ಲ, ಅದೂ ಕಾಣ್ತಿತ್ತು."

ಟೆಸ್ ಪುಸ್ತಕದಿಂದ ತಲೆಯೆತ್ತಿ ನಕ್ಕಳು. "ಅಯ್ಯೋ ಅಮ್ಮ, ಅದನ್ನ ಇನ್ನೂ ಹೊಲೆದೇ ಇಲ್ವಾ ನೀನು?"

ಐಲ್ಸಾಳ ಕೈಯಲ್ಲಿನ ಸೌಟು ನಿಂತಿತು.

"ಯಾವುದರಲ್ಲಿ ನೋಡಿದೆ?"

"ಸ್ಕೋಪಲ್ಲಿ."

"ಸ್ಕೋಪು ಎಲ್ಲಿತ್ತು?"

"ಎಲ್ಲಿರುತ್ತೆ? ರೈಫಲ್ ಮೇಲೆ." ಎಂದವನಿಗೆ ತಾನು ಹೇಳಿದ್ದೇನೆಂದು ಆಗಷ್ಟೇ ಹೊಳೆಯತೊಡಗಿತು. "ಸುಮ್ನೆ ನೋಡಿದ್ದು ಅತ್ತೆ. ಏನು ಅಂತ ಗುರುತು ಹಿಡಿಯಕ್ಕೆ."

"ಗುರುತು ಹಿಡಿಯಕ್ಕೆ ದುರ್ಬೀನು ಇದೆ. ನಿನ್ನದೆಲ್ಲಿ?"

"ಮನೇಲಿ ಬಿಟ್ಟುಬಂದೆ. ಈ ಸ್ಕೋಪೇ ಒಂದು ಕೇಜಿ ತೂಗುತ್ತೆ. ಇದರಲ್ಲೇ ಎಲ್ಲಾ ಕಾಣೋವಾಗ ಅದನ್ನೂ ಯಾಕೆ ಹೊರೋದು ಅಂತ."

ಐಲ್ಸಾಳ ಮೈ ಉರಿದುಹೋಯಿತು. ಅವಳು ಚಹಾ ಕುಡಿಯುತ್ತಿದ್ದಾಗ, ಜಿಂಕೆಮರಿಯನ್ನು ನೋಡಿ ತನ್ನಷ್ಟಕ್ಕೆ ತಾನು ನಗುತ್ತಿದ್ದಾಗ, ಈ ಪುಣ್ಯಾತ್ಮ ತೊರೆಯಾಚೆ ನಿಂತು ಅವಳ ಎದೆಗೆ ಬಂದೂಕು ಹಿಡಿದು ಗುಂಡಿ ಎಣಿಸಿದ್ದಾನೆ. ಸಾಲದ್ದಕ್ಕೆ ಅದನ್ನು ಬಂದು ಹೆಮ್ಮೆಯಿಂದ ಹೇಳುತ್ತಿದ್ದಾನೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳು ನಗುತ್ತಿದ್ದಾಳೆ. ಅಷ್ಟೇ ಸಿಟ್ಟು ಅವಳಿಗೆ ತನ್ನ ಮೇಲೂ ಬಂತು. ಹೊರುವ ಭುಜ ಅವನದು, ಸರಿ. ಗುರಿಯಲ್ಲಿದ್ದ ಎದೆ ಯಾರದು?

"ಅಮ್ಮ, ಏನೂ ಆಗಿಲ್ವಲ್ಲ. ಇಷ್ಟಕ್ಕೆಲ್ಲ ಯಾಕೆ ಹಾಗೆ ನೋಡ್ತೀಯ?" ಎಂದಳು ಟೆಸ್.

"ಸೇಫ್ಟಿ ಲಾಕು ಹಾಕಿತ್ತು ಅತ್ತೆ. ಗುಂಡು ಕೂಡ ನಳಿಗೇಲಿರಲಿಲ್ಲ. ನಾನೇನು ಅಷ್ಟು ದಡ್ಡನಾ?" ಎಂದ ಬ್ರೆಂಟನ್. ಅವನ ದನಿಯಲ್ಲೂ ಸ್ವಲ್ಪ ಬಿಸಿ ಇತ್ತು.

ಐಲ್ಸಾ ಸೌಟು ಕೆಳಗಿಟ್ಟಳು. ಗುಡಿಸಲೊಳಗೆ ಬರುವ ಮೊದಲು, ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟನ್ನು ರೈಫಲ್ಲಿನಿಂದ ತೆಗೆದಿಡಬೇಕು. ಅಲ್ಲಿ ಅದು ಬೂಟು ಕಳಚುವಷ್ಟೇ ಮಾಮೂಲಿ ಕೆಲಸ. ಬಾಗಿಲ ಬಳಿ ಹೋಗಿ ನೋಡಿದರೆ ಬೋಲ್ಟು ರೈಫಲ್ಲಿನಲ್ಲೇ ಇತ್ತು. ನಳಿಗೆಯನ್ನು ಹೊರಗಿನ ಕತ್ತಲ ಕಡೆಗೆ ತಿರುಗಿಸಿ ಬೋಲ್ಟನ್ನು ಹಿಂದಕ್ಕೆಳೆದಳು. ನಳಿಗೆಯ ಬುಡದಿಂದ ಹಿತ್ತಾಳೆಯ ಕಾಡತೂಸು ಚಿಮ್ಮಿ ಹಲಗೆಯ ನೆಲಕ್ಕೆ ಬಿತ್ತು, ಉರುಳುತ್ತ ಹೋಗಿ ಟೆಸ್‌ಳ ಕಾಲಿಗೆ ತಾಗಿ ನಿಂತಿತು.

ಟೆಸ್ ಅದನ್ನು ಎತ್ತಿಕೊಂಡಳು. ಗಂಡನ ಮುಖ ನೋಡಿದಳು, ಆಮೇಲೆ ಅಮ್ಮನ ಕೋಟಿನ ಒಡೆದ ಗುಂಡಿಯನ್ನು ನೋಡಿದಳು. ಅವಳು ಈಗ ನಗುತ್ತಿರಲಿಲ್ಲ.

"ಬೆಳಿಗ್ಗೆ ಆ ಕಡೆ ಗುಟುರು ಕೇಳಿದಾಗ ಹಾಕಿದ್ದೆ," ಎಂದ ಬ್ರೆಂಟನ್. "ಆಮೇಲೆ ತೆಗೆದೆ ಅಂತಲೇ ಅಂದ್ಕೊಂಡಿದ್ದೆ."

"ಅಂದ್ಕೊಂಡಿದ್ದೆ," ಎಂದಳು ಐಲ್ಸಾ. "ನಿನ್ನ ಬೆರಳು ಒಂದು ಸಲ ಜಾರಿದ್ರೆ ಇವತ್ತು ನೀನು ನನ್ನ ಮಗಳ ಹತ್ರ ಇದೇ ಮಾತು ಹೇಳ್ತಿದ್ದೆ. ಜಿಂಕೆ ಅಂದ್ಕೊಂಡಿದ್ದೆ, ಖಾಲಿ ಅಂದ್ಕೊಂಡಿದ್ದೆ. ನಿನಗೆ ನನ್ನ ಗುಂಡಿ ಕಾಣಿಸ್ತು. ಗುಂಡಿ ಹಿಂದೆ ಒಂದು ಮನುಷ್ಯಜೀವ ಕೂತಿದೆ ಅನ್ನೋದು ಕಾಣಿಸ್ಲಿಲ್ಲ. ಇಪ್ಪತ್ತನಾಲ್ಕು ಪಟ್ಟಂತೆ. ಬೆಂಕಿಗೆ ಹಾಕು ಅದನ್ನ."

ಬೋಲ್ಟನ್ನು ತನ್ನ ಜೇಬಿಗೆ ಹಾಕಿಕೊಂಡು ಸಾರು ಬಡಿಸಿದಳು. ಯಾರೂ ಉಣ್ಣಲಿಲ್ಲ. ಬೆಳಕು ಹರಿಯುತ್ತಲೇ ಗಂಟುಮೂಟೆ ಕಟ್ಟಿದರು. ಗುಡ್ಡದಲ್ಲಿ ಒಂದಲ್ಲ ಎರಡು ಗಂಡುಗಳು ಗುಟುರು ಹಾಕುತ್ತಿದ್ದವು, ಐಲ್ಸಾ ತಿರುಗಿ ನೋಡದೆ ಇಳಿದಳು. ಆಲ್ಬಿಯ ಮನೆ ಹತ್ತಿರವಾದಾಗ ಟೆಸ್ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು: "ನಾವು ಮೂರೇ ಜನ ಇದ್ದಿದ್ದು ಅಮ್ಮ. ಹೇಳದಿದ್ರೆ ಆಲ್ಬಿಗೆ ಗೊತ್ತಾಗಲ್ಲ. ನಿನ್ನ ಹೆಸರು ಹೋಗುತ್ತೆ."

"ಹೋಗ್ಲಿ," ಎಂದಳು ಐಲ್ಸಾ. ಕಣಿವೆಯ ಕಡೆ ಒಮ್ಮೆ ನೋಡಿದಳು. ಕಣ್ಣು ಒದ್ದೆಯಾಗಿದ್ದಕ್ಕೂ ಅವಳಿಗೆ ಸಿಟ್ಟು ಬಂತು.

ಆಲ್ಬಿ ನಾಯಿಗಳಿಗೆ ಊಟ ಹಾಕಿ ಆಗ ತಾನೆ ಒಳಗೆ ಬಂದಿದ್ದ. ಇಷ್ಟು ಬೇಗ ಯಾಕೆ ಇಳಿದಿರಿ ಎಂದು ಕೇಳದೆ ಕೆಟಲ್ಲಿಟ್ಟು, ಬ್ರೆಂಟನ್‌ಗೆ ಕಿಟಕಿಯ ಪಕ್ಕದ ಕುರ್ಚಿ ತೋರಿಸಿದ. ಐಲ್ಸಾ ನಿಂತೇ ಇದ್ದಳು.

"ಹೇಳು," ಎಂದಳು ಅಳಿಯನಿಗೆ. "ನಾನಲ್ಲ, ನೀನೇ ಹೇಳಬೇಕು."

ಬ್ರೆಂಟನ್ ಹೇಳಿದ. ಕಂದು ಬಣ್ಣ ಕಂಡಿದ್ದು, ಬಂದೂಕೆತ್ತಿ ನೋಡಿದ್ದು, ಅದು ಅತ್ತೆಯೆಂದು ತಿಳಿದ ಮೇಲೂ ಇಳಿಸದೆ ನೋಡುತ್ತ ನಿಂತಿದ್ದು, ಸಂಜೆ ನಳಿಗೆಯಿಂದ ಗುಂಡು ಬಿದ್ದಿದ್ದು. ಏನನ್ನೂ ಬಿಡಲಿಲ್ಲ. ಬೆನ್ನ ಹಿಂದೆ ಕೆಟಲ್ಲು ಕುದಿಯತೊಡಗಿದರೂ ಆಲ್ಬಿ ಕದಲದೆ ಕೇಳಿದ. ಆಮೇಲೆ ಐಲ್ಸಾಳ ಕಡೆ ತಿರುಗಿದ.

"ಬೇಕಾದ್ರೆ ಇವನೊಬ್ಬನ್ನೇ ಹೊರಗಿಡ್ತೀನಿ ಐಲ್ಸಾ. ನೀನು ಬಾ. ನಿನ್ನಂಥೋರನ್ನ ಕಳಿಸೋಕೆ ನನಗೂ ಮನಸ್ಸಿಲ್ಲ."

"ಕರ್ಕೊಂಡು ಬಂದೋಳು ನಾನು. ಹೆಸರು ತೆಗಿ," ಎಂದಳು ಅವಳು.

ಆಲ್ಬಿ ಆಗಲಿ ಎಂಬಂತೆ ತಲೆಯಾಡಿಸಿದ. ಮತ್ತೆ ಹೇಳಿ ನೋಡಲಿಲ್ಲ. ಬ್ರೆಂಟನ್ ನೆಲ ನೋಡುತ್ತಲೇ ಕೇಳಿದ: "ನಿಮ್ಮ ಅಣ್ಣನಿಗೆ ಹೊಡೆದೋನು... ಅವನು ಆಮೇಲೆ ಎಲ್ಲಿಗೆ ಹೋದ?"

"ಎಲ್ಲಿಗೆ ಹೋಗ್ತಾನೆ? ನನ್ನ ತಂಗಿ ಗಂಡ ಅವನು. ಅಣ್ಣ ಸಾಯೋ ಹಿಂದಿನ ವರ್ಷವೇ ಒಂದ್ಸಲ ನನ್ನ ಕಡೆಗೂ ಹೀಗೇ ಸ್ಕೋಪಲ್ಲಿ ನೋಡಿದ್ದ. ನಿನ್ನ ಮೀಸೆ ಕಾಣಿಸ್ತು ಅಂದ. ನಾವೆಲ್ಲ ನಕ್ಕಿದ್ವಿ." ಆಲ್ಬಿ ಕೆಟಲ್ಲನ್ನು ಇಳಿಸಿದ. "ಈಗಲೂ ಭಾನುವಾರ ಊಟಕ್ಕೆ ಬರ್ತಾನೆ. ಬಂದು ತಟ್ಟೆ ನೋಡ್ಕೊಂಡು ಉಣ್ತಾನೆ, ಯಾರ ಮುಖಾನೂ ನೋಡಲ್ಲ. ನೀನು ಕೂತಿದೀಯಲ್ಲ, ಅಲ್ಲೇ ಕೂರ್ತಾನೆ."

ಬ್ರೆಂಟನ್ ಕುರ್ಚಿಯಿಂದ ಎದ್ದ. ಅವನನ್ನು ಕೂರು ಎಂದು ಐಲ್ಸಾ ಹೇಳಲಿಲ್ಲ.