ಟ್ಯಾಂಕಿಗಿಳಿಸಿದ ಹಿಡಿಸೂಡಿ ಕಡ್ಡಿ

ನಮ್ಮ ಮನೆಯ ಹಿಡಿಸೂಡಿ ವಾರದಿಂದ ವಾರಕ್ಕೆ ತೆಳ್ಳಗಾಗುತ್ತಿದೆ ಎಂಬುದನ್ನು ಕಂಡುಹಿಡಿದವಳು ನನ್ನ ಹೆಂಡತಿ ಲೀನಾ. ತೆಂಗಿನ ಗರಿಯ ಕಡ್ಡಿಗಳನ್ನು ಸೇರಿಸಿ ಬಿಗಿಯಾಗಿ ಕಟ್ಟಿದ ಆ ಪೊರಕೆಯನ್ನು ಅವಳು ಕುಂದಾಪುರದ ತವರಿನಿಂದ ಸೂಟ್‌ಕೇಸಿನಲ್ಲಿ ಓರೆಯಾಗಿ ಮಲಗಿಸಿ, ಬಹರೈನಿನ ಅದ್ಲಿಯಾದಲ್ಲಿದ್ದ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ತಂದಿದ್ದಳು. ಬಚ್ಚಲಿನ ನೆಲಕ್ಕೆ ಅದರಂಥದ್ದು ಇನ್ನೊಂದಿಲ್ಲವೆಂದು ಅವಳ ನಂಬಿಕೆ. "ಇದರ ಕಡ್ಡಿ ಯಾರು ಎಳೀತಾರೆ?" ಎಂದು ಅವಳು ಕೇಳಿದಾಗ ನಾನು ಪತ್ರಿಕೆಯಿಂದ ತಲೆಯೆತ್ತದೆ "ಗೊತ್ತಿಲ್ಲ ಮಾರಾಯ್ತಿ" ಎಂದೆ. ಸುಳ್ಳು. ಪ್ರತಿ ಶುಕ್ರವಾರ ಬೆಳಿಗ್ಗೆ ಒಂದು ಕಡ್ಡಿಯನ್ನು ಎಳೆದು ಅಂಗಿಯ ತೋಳಿನೊಳಗೆ ಅಡಗಿಸಿಕೊಂಡು ಹೋಗುತ್ತಿದ್ದವನು ನಾನೇ. ಆ ಕಡ್ಡಿಯಿಂದ ಒಬ್ಬ ಕಳ್ಳನನ್ನು ಹಿಡಿಯುವ ಆಸೆ ನನ್ನದಾಗಿತ್ತು.

ನಿಮ್ಮ ಹತ್ತಿರ ಮುಚ್ಚಿಡುವುದೇನು, ಸಂಶಯ ನನಗೆ ಅಭ್ಯಾಸವಾಗಿಬಿಟ್ಟಿದೆ. ಟುಬ್ಲಿಯಲ್ಲಿ ಕಟ್ಟಡ ಸಾಮಗ್ರಿ ಮಾರುವ ಕಂಪನಿಯೊಂದರ ಗೋದಾಮನ್ನು ಹದಿನಾಲ್ಕು ವರ್ಷ ಕಾಯ್ದವನು ನಾನು. ಹಾಕಿದ ಬೀಗವನ್ನು ಇನ್ನೊಮ್ಮೆ ಎಳೆದು ನೋಡುವುದು, ನೆಟ್ಟಗೆ ನಿಂತ ಸಿಮೆಂಟಿನ ಚೀಲವನ್ನು ತಟ್ಟಿ ನೋಡುವುದು, ನಕ್ಕವನ ನಗುವಿನ ಹಿಂದೆ ಏನಿದೆಯೆಂದು ಬಗ್ಗಿ ನೋಡುವುದು, ಇವೆಲ್ಲ ಮೊದಲು ಕೆಲಸದ ಭಾಗವಾಗಿ ಬಂದು, ಕೊನೆಗೆ ಸ್ವಭಾವವಾಗಿ ಒಳಗೇ ಬಿಡಾರ ಹೂಡಿದವು. ನಂಬಿ ಕೆಟ್ಟವರನ್ನು ಕಂಡಿದ್ದೆ. ಸಂಶಯಪಟ್ಟು ಕೆಟ್ಟವರೂ ಇರುತ್ತಾರೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಅರಬಾಬ್, ಅಂದರೆ ಕಂಪನಿಯ ಮಾಲೀಕರು, ಒಂದು ಬಿಳಿಯ ಫೈಬರ್ ಬೋಟು ಇಟ್ಟುಕೊಂಡಿದ್ದರು. ನವೆಂಬರಿನಲ್ಲಿ ಶಮಾಲ್ ಎಂಬ ಬಡಗಣ ಗಾಳಿ ಶುರುವಾದರೆ ಅವರಿಗೆ ಸಮುದ್ರ ಬೇಡ. ಆಗ ಬೋಟು ಗಾಡಿಯ ಮೇಲೇರಿ ಗೋದಾಮಿನ ಹಿಂದಿನ ಅಂಗಳಕ್ಕೆ ಬಂದು ಮಾರ್ಚಿನವರೆಗೆ ಟಾರ್ಪಾಲು ಹೊದ್ದು ಮಲಗುತ್ತಿತ್ತು. ಅಂಗಳದ ಬೀಗ ನನ್ನ ಕೈಯಲ್ಲಿ. ಬೋಟಿನ ಎಂಜಿನ್ನು, ಟ್ಯಾಂಕು, ನೀರಿಗಿಳಿದ ಮೇಲೆ ಚುಕ್ಕಾಣಿ, ಎಲ್ಲ ಹಮೀದಾಕನ ಕೈಯಲ್ಲಿ. ಹಮೀದಾಕ ಉಳ್ಳಾಲದ ಕಡೆಯ ಬ್ಯಾರಿ, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಹಿರಿಯರು, ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್. ಅವರ ಮನೆಮಾತು ಬ್ಯಾರಿ, ನಮ್ಮದು ಕೊಂಕಣಿ, ನಡುವೆ ಕನ್ನಡ. ಊರಿನಲ್ಲಿ ಕ್ರಿಸ್ತುವರನ್ನು ಮರ್ಯಾದೆಯಿಂದ ಕರೆಯುವ ಹಾಗೆ ಅವರು ನನ್ನನ್ನು "ಪೊರ್ಬುಗಳೇ" ಎನ್ನುತ್ತಿದ್ದರು.

ಆ ವರ್ಷ ಬೋಟನ್ನು ಅಂಗಳಕ್ಕೆ ತಂದ ದಿನ ಹಮೀದಾಕ, ಟ್ಯಾಂಕನ್ನು ಕಂಠದವರೆಗೆ ತುಂಬಿಸಬೇಕೆಂದರು. ನನಗೆ ಅಲ್ಲೇ ಮೂಗು ಅರಳಿತು.

"ಮಾರ್ಚ್‌ವರೆಗೆ ಅಲ್ಲಾಡದ ಬೋಟಿಗೆ ಇಷ್ಟು ಪೆಟ್ರೋಲ್ ಎಂತಕ್ಕೆ ಹಮೀದಾಕ?"

"ಅರ್ಧ ಬಿಟ್ಟರೆ ಒಳಗಿನ ಗಾಳಿ ಬೆವರ್ತದೆ ಪೊರ್ಬುಗಳೇ. ಆ ಬೆವರು ನೀರಾಗಿ ಅಡಿಗೆ ಹೋಗಿ ಕೂತ್ಕೊಳ್ತದೆ. ತುಂಬ ಇದ್ದರೆ ನೀರಿಗೆ ಜಾಗ ಇಲ್ಲ."

ಪೆಟ್ರೋಲು ಹಳಸದಿರಲೆಂದು ಒಂದು ಸಣ್ಣ ಬಾಟಲಿಯ ನೀಲಿ ಮದ್ದನ್ನು ಅದಕ್ಕೆ ಸುರಿದು, ಹತ್ತು ನಿಮಿಷ ಎಂಜಿನ್ನು ಓಡಿಸಿ, ಮುಚ್ಚಳವನ್ನು ಅದರದೇ ಕೀಲಿಯಿಂದ ಬಿಗಿದು, ಬ್ಯಾಟರಿ ಬಿಚ್ಚಿಕೊಂಡು ಹೋದರು. ಬ್ಯಾಟರಿ ಇಲ್ಲದ ಮೇಲೆ ಟ್ಯಾಂಕಿನ ಮಟ್ಟ ತೋರಿಸುವ ಮುಳ್ಳೂ ಸತ್ತ ಹಾಗೆ. ಗಾಳಿ ಬೆವರುವುದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಹಮೀದಾಕನ ಹಳೆಯ ಪಿಕಪ್ಪಿನ ಹಿಂದೆ ಖಾಲಿ ಕ್ಯಾನುಗಳು ಉರುಳುವುದನ್ನು ಮಾತ್ರ ಕಂಡಿದ್ದೆ. ಕುಡಿಯುವ ನೀರಿಗಿಂತ ಪೆಟ್ರೋಲು ಅಗ್ಗವಾಗಿದ್ದ ಊರಿನಲ್ಲಿ ಅದನ್ನು ಯಾರಾದರೂ ಯಾಕೆ ಕದಿಯಬೇಕು ಎಂಬ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ. ಸಂಶಯಕ್ಕೆ ಬೇಕಾದದ್ದು ಕಳ್ಳ. ಕಳವು ಏನೆಂಬುದು ಆಮೇಲಿನ ಮಾತು.

ಹೀಗೆ ಹಿಡಿಸೂಡಿಯ ಕೆಲಸ ಶುರುವಾಯಿತು. ಶುಕ್ರವಾರ ರಜೆ, ಅಂಗಳದಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಟಾರ್ಪಾಲಿನ ಒಂದು ಹಗ್ಗ ಸಡಿಲಿಸಿ ಒಳಗೆ ನುಸುಳುತ್ತಿದ್ದೆ. ಮುಚ್ಚಳದ ಕೀಲಿ ನನ್ನಲ್ಲಿರಲಿಲ್ಲವಾದ್ದರಿಂದ ಸ್ಕ್ರೂಡ್ರೈವರಿನಿಂದ ಮೀಟಿ ತಿರುಗಿಸಿ, ಬಾಗುವ ಗುಣವಿದ್ದ ಆ ಕಡ್ಡಿಯನ್ನು ಕೊಳವೆಯೊಳಗೆ ತಳದವರೆಗೆ ಇಳಿಸಿ, ಒದ್ದೆಯಾದಲ್ಲಿಗೆ ಚೂರಿಯಿಂದ ಗುರುತು ಹಾಕುತ್ತಿದ್ದೆ. ಕಡ್ಡಿಗಳನ್ನು ರಬ್ಬರ್ ಬ್ಯಾಂಡು ಹಾಕಿ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡೆ. ಡಿಸೆಂಬರಿನ ಚಳಿ ಏರಿದಾಗ ಪಕ್ಕಪಕ್ಕ ಇಟ್ಟು ನೋಡಿದರೆ, ಅರ್ಧ ಬೆರಳಿನಷ್ಟು ಇಳಿದಿತ್ತು. ನನಗಾದ ಸಂತೋಷವನ್ನು ಹೇಳಲು ಈಗ ನಾಚಿಕೆ. ಒಂದು ದಿನ ಅರಬಾಬರ ಚಹಾದ ಹೊತ್ತಿನಲ್ಲಿ, ಬೋಟಿನ ಪೆಟ್ರೋಲು ತಾನಾಗಿ ಕಡಿಮೆಯಾಗುತ್ತಿದೆಯೆಂದೂ, ಹಮೀದಾಕನ ಮೇಲೆ ಒಂದು ಕಣ್ಣಿರುವುದು ಒಳ್ಳೆಯದೆಂದೂ ಮೆಲ್ಲಗೆ ಹೇಳಿದೆ. ಅವರು "ಹೂಂ" ಎಂದು ಚಹಾ ಮುಗಿಸಿದರು. ಜನವರಿಯಿಂದ ಹಮೀದಾಕ ಶುಕ್ರವಾರ ನಮಾಜಿಗೆ ಹೋಗುವ ಮೊದಲು ಅಂಗಳದ ಹೊರಗೆ ಪಿಕಪ್ ನಿಲ್ಲಿಸಿಕೊಂಡು, ತಂತಿಬೇಲಿಯ ಸಂದಿಯಿಂದ ಬೋಟನ್ನೇ ನೋಡುತ್ತ ಕೂರುವುದನ್ನು ಎರಡು ಸಲ ಕಂಡೆ. ಇನ್ನು ಸಾಕ್ಷಿ ಬೇಕೆ?

ಆ ತಿಂಗಳು ಅಲ್ಲಿ ಅಪರೂಪಕ್ಕೆ ಬರುವ ಮಳೆ ಬಂತು. ಬಂದದ್ದು ಎರಡೇ ದಿನ, ಬೀದಿಗಳೆಲ್ಲ ಕೆರೆಯಾದವು. ಮುಂದಿನ ಶುಕ್ರವಾರ ಹೋದಾಗ, ನಾನು ಹಿಂದಿನ ವಾರ ಅವಸರದಲ್ಲಿ ಸರಿಯಾಗಿ ಕಟ್ಟದ ಮೂಲೆಯಲ್ಲಿ ಟಾರ್ಪಾಲು ಜೋತುಬಿದ್ದು, ಮುಚ್ಚಳದ ಸುತ್ತ ನೀರು ನಿಂತಿತ್ತು. ಪಕ್ಕದಲ್ಲೇ ಹರಿದ ಕಪ್ಪು ರಬ್ಬರಿನ ಚೂರೊಂದು ಬಿದ್ದಿದ್ದನ್ನು ಕಾಲಿನಿಂದ ಆಚೆ ತಳ್ಳಿದೆ. ಕಡ್ಡಿ ಇಳಿಸಿದೆ. ಆಶ್ಚರ್ಯ, ಈ ಸಲ ಮಟ್ಟ ಒಂದು ಉಗುರಿನಷ್ಟು ಮೇಲೇರಿತ್ತು. ಬೇರೆ ಯಾರಾದರೂ ಅಲ್ಲೇ ಎಚ್ಚರಗೊಳ್ಳುತ್ತಿದ್ದರು. ಕಾಮಾಲೆ ಕಣ್ಣಿನ ನನಗೆ ಹೊಳೆದದ್ದು, ಸುಳಿವು ಸಿಕ್ಕಿದ ಕಳ್ಳ ಕದ್ದದ್ದನ್ನು ತಂದು ಸುರಿದಿದ್ದಾನೆ ಎಂದು!

ಮಾರ್ಚಿನಲ್ಲಿ ಬೋಟು ನೀರಿಗಿಳಿಯಿತು. ಅರಬಾಬರು ದೊಡ್ಡ ಮನಸ್ಸು ಮಾಡಿ ನಮ್ಮನ್ನೂ ಕರೆದರು. ನಾನು, ಲೀನಾ, ಈಸಾ ಟೌನಿನ ಶಾಲೆಯಲ್ಲಿ ಐದನೆಯ ತರಗತಿಯಲ್ಲಿದ್ದ ಮಗಳು ಶೈನಾ, ಅರಬಾಬರು, ಚುಕ್ಕಾಣಿಯಲ್ಲಿ ಹಮೀದಾಕ. ದಡ ಕಾಣುತ್ತಿರುವವರೆಗೆ ಎಲ್ಲ ಚೆಂದ. ದೊಡ್ಡ ಹಡಗುಗಳು ಹಾದುಹೋಗುವ ಕಾಲುವೆಯ ಹತ್ತಿರ ಅಲೆ ಜೋರಾಗಿ, ಬೋಟು ನಾಲ್ಕಾರು ಸಲ ಎದ್ದುಬಿದ್ದದ್ದೇ ತಡ, ಎಂಜಿನ್ನು ಕೆಮ್ಮಿ ನಿಂತಿತು. ಹಮೀದಾಕ ಎಂಜಿನ್ನಿನ ಬಳಿಯ, ಪೆಟ್ರೋಲು ಸೋಸುವ ಜರಡಿಯ ಬಟ್ಟಲನ್ನು ಬಿಚ್ಚಿ, ಅದರಲ್ಲಿದ್ದದ್ದನ್ನು ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಗೆ ಸುರಿದರು. ಮೇಲೆ ಪೆಟ್ರೋಲು; ಕೆಳಗೆ, ಗಾಜಿನಷ್ಟು ತಿಳಿಯಾಗಿ, ನೀರು. ಜೋಡಿಸಿದರು, ಎಂಜಿನ್ನು ಒಂದು ನಿಮಿಷ ಓಡಿ ಮತ್ತೆ ಸತ್ತಿತು. ಹೀಗೆ ಐದು ಸಲ. ಗಾಳಿ ನಮ್ಮನ್ನು ಅಡ್ಡಡ್ಡಲಾಗಿ ಹಡಗಿನ ದಾರಿಗೆ ತಳ್ಳುತ್ತಿತ್ತು. ಶೈನಾ ವಾಂತಿ ಮಾಡಿ ಮಾಡಿ ಸುಸ್ತಾಗಿ ಲೀನಾಳ ಮಡಿಲಲ್ಲಿ ಕಣ್ಣು ಮುಚ್ಚಿದ್ದಳು. ದೂರದಲ್ಲಿ ಒಂದು ಹಡಗು ಬರುತ್ತಿತ್ತೋ ಹೋಗುತ್ತಿತ್ತೋ ತಿಳಿಯದೆ ನಾವೆಲ್ಲ ಅದನ್ನೇ ನೋಡುತ್ತಿದ್ದೆವು.

ಅರಬಾಬರು ಆ ಬಾಟಲಿಯನ್ನು ಎತ್ತಿ ಹಿಡಿದು ಹಿಂದಿಯಲ್ಲಿ ಕೇಳಿದರು: "ಪೆಟ್ರೋಲ್ ಮಾರಿ ನೀರು ತುಂಬಿಸಿದ್ದೀಯಾ ಹಮೀದ್?"

ಹಮೀದಾಕ ತಲೆಯೆತ್ತಿದರು. "ಇಲ್ಲ ಅರಬಾಬ್."

"ಇವನು ಡಿಸೆಂಬರಿನಲ್ಲೇ ಹೇಳಿದ್ದ. ನಾನು ನಂಬಲಿಲ್ಲ." ಅವರು ನನ್ನತ್ತ ಕೈ ತೋರಿಸಿದರು.

ಹಮೀದಾಕ ನನ್ನನ್ನು ನೋಡಿದರು. ನಾನು ಸಮುದ್ರ ನೋಡಿದೆ. ನೀರಿಳಿದದ್ದು ಟ್ಯಾಂಕಿನ ತಳಕ್ಕೆ ಮಾತ್ರವಲ್ಲ, ನನ್ನ ಮುಖದ ನೀರೂ ಅದೇ ಕ್ಷಣ ಇಳಿಯಿತು. ಯಾಕೆಂದರೆ, ಮಳೆ, ಜೋತುಬಿದ್ದ ಟಾರ್ಪಾಲು, ನನ್ನ ಸ್ಕ್ರೂಡ್ರೈವರಿಗೆ ಸಿಕ್ಕಿ ಹರಿದ ಮುಚ್ಚಳದ ರಬ್ಬರಿನ ಚೂರು, ಏರಿದ ಮಟ್ಟ, ಇವು ನಾಲ್ಕೂ ಒಟ್ಟಿಗೆ ಬಂದು ನನ್ನೆದುರು ಸಾಲಾಗಿ ನಿಂತಿದ್ದವು. ಆದರೂ ಬಾಯಿ ತೆರೆಯಲಿಲ್ಲ. ಒಂದೂವರೆ ಗಂಟೆಯ ಮೇಲೆ ಮೀನುಗಾರರ ದೋಣಿಯೊಂದು ಹಗ್ಗ ಎಸೆದು ನಮ್ಮನ್ನು ಎಳೆದು ತಂದಿತು. ದಡದಲ್ಲಿ ಅರಬಾಬರು ಹಮೀದಾಕನಿಗೆ ಹೇಳಿದ್ದು ಒಂದೇ ಮಾತು: "ಖಲಾಸ್. ನಾಳೆಯಿಂದ ಬರಬೇಡ."

ಮರುದಿನ ಶೈನಾಳಿಗೆ ಗಂಜಿ ಕೊಟ್ಟು ಮಲಗಿಸಿ ಬಂದ ಲೀನಾ ನನ್ನ ಎದುರು ಕುಳಿತಳು. "ಕಾರಿನ ಡಿಕ್ಕಿಯಲ್ಲಿ ಕಡ್ಡಿಯ ಕಟ್ಟು ನೋಡಿದೆ. ಪೆಟ್ರೋಲ್ ವಾಸನೆ ಬರ್ತದೆ. ಹಮೀದಾಕ ನೀರು ಹಾಕಿದ್ದಾ, ನೀವಾ?"

ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಬೋಟಿನಲ್ಲಿ ಮಗು ನನ್ನ ಮಡಿಲಲ್ಲಿತ್ತು," ಎಂದಷ್ಟೇ ಹೇಳಿ ಎದ್ದುಹೋದಳು.

ವಾರದ ರಜೆ ಮುಗಿದು ಭಾನುವಾರ ಆಫೀಸು ತೆರೆದೊಡನೆ ಅರಬಾಬರ ಕೋಣೆಗೆ ಹೋಗಿ ನಿಂತೇ ಹೇಳಿದೆ. ಅವರು ಕೈಯಲ್ಲಿದ್ದ ಜಪಮಣಿಯನ್ನು ಮೇಜಿನ ಮೇಲಿಟ್ಟರು. "ಇದನ್ನು ಬೋಟಿನಲ್ಲೇ ಹೇಳಬಹುದಿತ್ತು," ಎಂದರು. "ಹೋಗಿ ಕರೆದುಕೊಂಡು ಬಾ. ಅಂಗಳದ ಬೀಗವನ್ನೂ ಅವನಿಗೇ ಕೊಡು."

ಹಮೀದಾಕ ಗ್ಯಾರೇಜಿನ ಹಿಂದಿನ ತಮ್ಮ ಕೋಣೆಯಲ್ಲಿದ್ದರು. ನನ್ನನ್ನು ಕೂರಿಸಿ ಚಹಾ ಕಾಯಿಸಿದರು. ನಾನು ಹೇಳುವುದನ್ನೆಲ್ಲ ತಡೆಯದೆ ಕೇಳಿದರು. ಆಮೇಲೆ, ಚಳಿಗೆ ಪೆಟ್ರೋಲು ಕುಗ್ಗುತ್ತದೆ, ಅರ್ಧ ಬೆರಳು ಇಳಿಯುವುದು ಮಾಮೂಲು ಎಂದು ತಿಳಿಸಿ ಹೇಳಿದರು.

"ಮುಚ್ಚಳದ ಮೇಲೆ ಗೀರು ಬಿದ್ದದ್ದನ್ನು ಜನವರಿಯಲ್ಲಿ ಎಂಜಿನ್ ನೋಡಲು ಬಂದಾಗಲೇ ಕಂಡಿದ್ದೆ," ಎಂದರು. "ನೀವು ಒಳಗೆ ಹೋಗಿ ಬರುವುದನ್ನೂ ನೋಡಿದೆ. ಪೆಟ್ರೋಲ್ ತೆಗೀತಿದ್ದೀರಿ ಅಂತ ಗ್ರಹಿಸಿದೆ."

"ನಾನಾ?"

"ಮತ್ತೆಂತ ಗ್ರಹಿಸುವುದು? ಮನುಷ್ಯನಿಗೆ ಎಂತೆಂತ ತಾಪತ್ರಯ ಇರ್ತದೋ. ಮುಚ್ಚಳ ತೆಗೆದು ನೋಡಿದರೆ, ಕಡಿಮೆ ಇದ್ದರೆ, ಅರಬಾಬರಿಗೆ ಹೇಳಬೇಕಾಗ್ತದೆ. ಅದಕ್ಕೇ ತೆಗೀಲಿಲ್ಲ. ಬೋಟು ಇಳಿಸುವಾಗ ಜರಡಿ ಮಾತ್ರ ನೋಡಿದೆ, ಅದರಲ್ಲಿ ನೀರು ಇರಲಿಲ್ಲ. ತೆಗೆದಿದ್ದರೆ ಮುಚ್ಚಳದ ರಬ್ಬರ್ ಹರಿದದ್ದು ಕಾಣ್ತಿತ್ತು. ನನ್ನದೂ ತಪ್ಪುಂಟು."

ಕಳ್ಳನನ್ನು ಹಿಡಿಯಲೆಂದು ನಾನು ಮುಚ್ಚಳ ತೆರೆದೆ, ಕಳ್ಳನನ್ನು ಉಳಿಸಲೆಂದು ಅವರು ತೆರೆಯಲಿಲ್ಲ. ಕಳ್ಳ ಮಾತ್ರ ಇರಲೇ ಇಲ್ಲ. ನನಗೆ ಅದಕ್ಕಿಂತ ಚುಚ್ಚಿದ್ದು, ಇಡೀ ಚಳಿಗಾಲ ಅವರ ಕಣ್ಣಿನಲ್ಲಿ ನಾನು ಕ್ಷಮಿಸಲ್ಪಟ್ಟ ಕಳ್ಳನಾಗಿದ್ದೆ ಎಂಬುದು. "ನಾನು ಒಂದು ಹನಿ ಕದ್ದಿಲ್ಲ ಹಮೀದಾಕ, ಅಳೆದದ್ದು ಮಾತ್ರ," ಎಂದೆ.

ಅವರು ಲೋಟ ಕೆಳಗಿಟ್ಟರು. "ಕದ್ದಿದ್ದರೆ ನನಗೆ ಬೇಜಾರಿರಲಿಲ್ಲ ಪೊರ್ಬುಗಳೇ. ನೀವು ಅಳೆದದ್ದು ನನ್ನನ್ನಲ್ವಾ?"

ಬೀಗದ ಕೈಯನ್ನು ಚಾಪೆಯ ಮೇಲೆ ಇಟ್ಟೆ. ಎರಡು ದಿನ ಬಿಟ್ಟು ಅವರು ಕೆಲಸಕ್ಕೆ ಬಂದರು. ಟ್ಯಾಂಕನ್ನು ಪೂರ್ತಿ ಬರಿದುಮಾಡಿ ಒಣಗಿಸುವಾಗ ನಾನು ಆಳಿನಂತೆ ಪೈಪು ಹಿಡಿದು ನಿಂತಿದ್ದೆ. ಒಂದು ವರ್ಷ ನಮ್ಮ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಆಮೇಲೆ ನಿಧಾನವಾಗಿ ಊರಿನ ಸುದ್ದಿ, ಮಕ್ಕಳ ಸುದ್ದಿ ಬಂದುಹೋಗತೊಡಗಿದವು. ಸಂಶಯ ಬಿಟ್ಟೆನೆಂದು ನಿಮಗೆ ಹೇಳಿದರೆ ಅದೂ ಸುಳ್ಳಾದೀತು. ಅವರು ನಕ್ಕಾಗಲೆಲ್ಲ, ಇದು ಮರೆತ ನಗುವೋ ಮರೆಸುವ ನಗುವೋ ಎಂದು ಒಳಗೊಬ್ಬ ಬಗ್ಗಿ ನೋಡುತ್ತಲೇ ಇದ್ದ.

ಹಮೀದಾಕ ಕೆಲಸ ಬಿಟ್ಟು ಊರಿಗೆ ಹೊರಟ ವರ್ಷ, ನವೆಂಬರಿನಲ್ಲಿ, ತಮ್ಮ ಜಾಗಕ್ಕೆ ಬಂದ ಮಧ್ಯವಯಸ್ಸಿನ ಮಲಯಾಳಿ ಮೆಕ್ಯಾನಿಕ್ಕನನ್ನು ನನ್ನ ಮೇಜಿನ ಬಳಿ ಕರೆತಂದರು. "ಟ್ಯಾಂಕಿನ ವಿಷಯ ಏನಿದ್ದರೂ ಇವರನ್ನು ಕೇಳು," ಎಂದರು ಹಿಂದಿಯಲ್ಲಿ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ. "ಇವರಷ್ಟು ತಿಳಿದವರು ಯಾರೂ ಇಲ್ಲ."

ಮೆಚ್ಚುಗೆಯೋ, ಕುಟುಕೋ? ನಾನು ಅವರ ಮುಖವನ್ನು ಹುಡುಕಲಿಲ್ಲ. ಎದ್ದು ಹೊಸಬನನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ಬೋಟು ಹತ್ತಿದ ಅವನು ಮುಚ್ಚಳಕ್ಕೆ ಕೈ ಹಾಕಿದಾಗ, "ಒಂದು ನಿಮಿಷ, ಹಮೀದಾಕ ಬರಲಿ," ಎಂದೆ. ಮಂಡಿನೋವಿನ ಹಮೀದಾಕ ಏಣಿಯ ಒಂದೊಂದೇ ಮೆಟ್ಟಿಲನ್ನು ಹತ್ತಿ ಬರುವವರೆಗೆ ನಾವಿಬ್ಬರೂ ಗಾಳಿಯಲ್ಲಿ ಕಾಯುತ್ತ ನಿಂತೆವು.