ನೀಲಿ ಹೆಬ್ಬೆರಳು

ನಮ್ಮ ರಾಜ್ಯಶಾಸ್ತ್ರದ ಸರ್ ಅವರ ಬಲಗೈ ಹೆಬ್ಬೆರಳು ಸದಾ ನೀಲಿ. ಬ್ಯಾಡಗಿಯಿಂದ ದಿನಾ ಹಾವೇರಿಯ ಕಾಲೇಜಿಗೆ ಬರುತ್ತಿದ್ದ ಅವರ ಚೀಲದಲ್ಲಿ ಬುತ್ತಿಯ ಜೊತೆ ಒಂದು ರಬ್ಬರ್ ಶಿಕ್ಕಾ, ಒಂದು ಶಾಯಿಪ್ಯಾಡು ಇರುತ್ತಿತ್ತು. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಅವರು ಸರ್ ಅಲ್ಲ, ಕಚೇರಿಯ ಕಾರಕೂನ. ನಾವು ಅರ್ಜಿ ಒಯ್ಯಬೇಕು; ಅವರು ಮುಖ ಎತ್ತದೆ, "ಸಾಹೇಬ್ರು ಇಲ್ಲ, ನಾಳೆ ಬರ್ರಿ" ಅನ್ನಬೇಕು. ಹೂಂ ಎಂದು ತಿರುಗಿದವರು ನಪಾಸು. ಅರ್ಜಿ ಮುಟ್ಟಿತೆಂದು ಅದರ ನಕಲಿನ ಮೇಲೆ ಶಿಕ್ಕಾ ಬೀಳುವವರೆಗೆ ಜಗ್ಗದವರು ಪಾಸು. ಇದೇನು ಹುಡುಗಾಟ, ಪರೀಕ್ಷೆಗೆ ಬರುವುದನ್ನು ಹೇಳಿಕೊಡಬಾರದೇ ಎಂದು ನಾನು ಮೂಗು ಮುರಿಯುತ್ತಿದ್ದೆ.

ಹಾವೇರಿ ಜಿಲ್ಲೆಯಾಗಿ ಏಳೆಂಟು ವರ್ಷವಾಗಿತ್ತು, ನಾನು ಬಿ.ಎ. ಎರಡನೇ ವರ್ಷ. ಕರ್ಜಗಿ ದಾರಿಯ ನಮ್ಮ ಸಣ್ಣ ಹಳ್ಳಿಯಲ್ಲಿ ಸಂಜೆಯ ಬಸ್ಸು ನಿಲ್ಲಿಸುವುದನ್ನೇ ಬಿಟ್ಟರು. ನಾವು ಮೂವರು ಹುಡುಗಿಯರು ಮುಂದಿನ ಊರಲ್ಲಿ ಇಳಿದು ಕತ್ತಲಲ್ಲಿ ನಡೆದು ಬರಬೇಕು. ಅಪ್ಪ ಕಡ್ಡಿ ಮುರಿದಂತೆ ಹೇಳಿದ: "ತಿಂಗಳೊಳಗ ಬಸ್ ನಿಂತ್ರ ಕಾಲೇಜು. ಇಲ್ಲಾಂದ್ರ ಸಾಕು."

ಡಿಪೋದ ಸಾಹೇಬರು ಸರ್ ಅವರ ಹಳೆಯ ಶಿಷ್ಯ. ಅಳುತ್ತಾ ಹೋಗಿ, "ಸರ್, ನೀವೊಂದು ಫೋನ್ ಮಾಡ್ರಿ" ಎಂದೆ.

"ಮಾಡಿದ್ರ ನಾಳೇನ ನಿಂತೀತವಾ. ಆದ್ರ ಅದು ನನ್ನ ಮುಲಾಜಿಗೆ ನಿಂತ ಬಸ್ಸು. ನಾ ಇಲ್ಲದ ದಿನ ಮತ್ತ ನಿಲ್ಲಂಗಿಲ್ಲ. ನೀವ ಹೋಗ್ರಿ."

ಎಂಥ ಕಲ್ಲೆದೆ ಎಂದು ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಅರ್ಜಿ ಬರೆದೆ. ಕೊನೆಯಲ್ಲಿ, ಎಲ್ಲರೂ ಬರೆಯುವಂತೆ, "ಕೈಮುಗಿದು ಬೇಡಿಕೊಳ್ಳುತ್ತೇವೆ" ಎಂದು ಸೇರಿಸಿದ್ದೆ. ಸರ್ ಆ ಸಾಲನ್ನು ಹೊಡೆದುಹಾಕಿದರು. "ಬಸ್ ಪಾಸ್ ಐತಿ, ಊರಿಗೆ ಸ್ಟಾಪ್ ಐತಿ. ಬೇಡೂದೇನೈತಿ? ಕೇಳ್ರಿ."

ಮೂವರೂ ಡಿಪೋಗೆ ಹೋದೆವು. ಅಲ್ಲಿನ ಕಾರಕೂನ ಮುಖ ಎತ್ತದೆ ಅಂದ: "ಸಾಹೇಬ್ರು ಇಲ್ಲ, ನಾಳೆ ಬರ್ರಿ."

ಅಯ್ಯೋ, ಅದೇ ಮಾತು, ಅದೇ ದನಿ! ನಗು ತಡೆಯಲಾಗಲಿಲ್ಲ, ಭಯ ಎಲ್ಲಿ ಹೋಯಿತೋ. "ಶಿಕ್ಕಾ ಐತೆಲ್ರೀ. ನಕಲಿನ ಮ್ಯಾಲ ಹೊಡೀರಿ, ಹೋಗ್ತೀವಿ" ಎಂದು ಬೆಂಚಿನ ಮೇಲೆ ಕುಳಿತೆವು. ಊಟದ ಹೊತ್ತಿಗೆ ಶಿಕ್ಕಾ ಬಿತ್ತು. ಎರಡು ವಾರ ಬಿಟ್ಟು ಆ ನಕಲು ಹಿಡಿದು ಮತ್ತೆ ಹೋಗಿ, ಶಿಕ್ಕಾದ ತಾರೀಕು ತೋರಿಸಿ ಏನಾಯಿತೆಂದು ಕೇಳಿದೆವು. ಮರುದಿನ ಸಂಜೆ ಬಸ್ಸು ನಮ್ಮೂರಲ್ಲಿ ನಿಂತಿತು.

ಅಪ್ಪ ಅಲ್ಲೇ ಕಾಯುತ್ತಿದ್ದ. "ಯಾರ ಕಡೆಯಿಂದ ಹೇಳಿಸಿದಿ?"

"ಯಾರ ಕಡೆಯಿಂದನೂ ಇಲ್ಲಪ್ಪ. ನಾವ ಕೇಳಿದ್ವಿ."

ಅಷ್ಟು ಎದೆಯುಬ್ಬಿಸಿ ನಾನು ಅದಕ್ಕೂ ಮೊದಲು ಮಾತಾಡಿರಲಿಲ್ಲ.

ಸರ್ ತೀರಿಕೊಂಡಾಗ ಬ್ಯಾಡಗಿಗೆ ಹೋಗಿದ್ದೆ. ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಹೆಬ್ಬೆರಳಿನಲ್ಲಿ ಶಾಯಿಯ ಗುರುತೂ ಇರಲಿಲ್ಲ. ಅದನ್ನು ನೋಡಿಯೇ ನನಗೆ ಅಳು ಒತ್ತರಿಸಿ ಬಂತು.

ಈಗ ನಾನು ರಾಣೆಬೆನ್ನೂರಿನ ಒಂದು ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಮೇಜಿನ ಹಿಂದೆ ಕೂರುತ್ತೇನೆ. ಕೈಮುಗಿದು ನಿಂತವರಿಗೆ, "ಕೈ ಇಳಸ್ರಿ. ನಕಲು ತಂದೀರೇನು?" ಅನ್ನುತ್ತೇನೆ. ಹೆಬ್ಬೆರಳು ದಿನವಿಡೀ ನೀಲಿ. ಮನೆಗೆ ಹೋದ ಮೇಲೂ ನಾನದನ್ನು ಉಜ್ಜಿ ತೊಳೆಯುವುದಿಲ್ಲ.