ಫೈಲಕ್ಕನ ಅಣ್ಣ

ನಮ್ಮ ಕಾಲೇಜಿನಲ್ಲಿ ಅವಳ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ. ಮಿಕ್ಕಂತೆ ಎಲ್ಲರಿಗೂ ಫೈಲಕ್ಕ. ಆನ್‌ಲೈನ್ ತರಗತಿಗಳಿಗೆ ಪಾಠದ ಫೈಲು ಹಾಕುವುದು, ಹಳತು ತೆಗೆದು ಹೊಸತು ಸೇರಿಸುವುದು ಅವಳ ಕೆಲಸ. ಪಕ್ಕದ ಮೇಜು ನನ್ನದು. ಒಂದೇ ಫೈಲು ಐದಾರು ತರಗತಿಗಳಲ್ಲಿ ಕಾಣಿಸುತ್ತದೆ. ಒಂದು ಕಡೆ ಕೈಯಾಡಿಸಿದರೆ ಎಲ್ಲ ಕಡೆಯೂ ಬದಲಾಗುತ್ತದೆ. ಇದನ್ನು ನಮ್ಮ ಮೇಷ್ಟ್ರುಗಳಿಗೆ ತಿಳಿಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. "ನನ್ನ ಕ್ಲಾಸಿಂದ ಮಾತ್ರ ತೆಗೆದೆ" ಅನ್ನುತ್ತಾರೆ, ಊರಿಗೆಲ್ಲ ಪಾಠ ಮಾಯ.

ಅವಳ ಅಣ್ಣನೂ ಇಲ್ಲೇ ಭೂಗೋಳದ ಮೇಷ್ಟ್ರು. ಅಪ್ಪ ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿ ಓದಿಸಿದವರು, ತಮ್ಮ ಮದುವೆಯ ಗೋಜಿಗೇ ಹೋಗದವರು. ಇಬ್ಬರದೂ ಒಂದೇ ಮನೆ. ಹೋದ ವರ್ಷ ಅವರಿಗೆ ಮರೆವು ಶುರುವಾಯಿತು. ಮಳೆ ಹೇಗೆ ಬರುತ್ತದೆ ಎಂಬ ಪಾಠದ ಜಾಗಕ್ಕೆ ಬಟ್ಟೆ ಒಗೆಯುವ ಮಷಿನ್ನಿನ ಕೈಪಿಡಿ ಹಾಕಿಬಿಟ್ಟರು. ಐದು ತರಗತಿಯ ಮಕ್ಕಳು ಅದನ್ನೇ ಓದಬೇಕಾಗುತ್ತಿತ್ತು. ಫೈಲಕ್ಕ ಎಲ್ಲರಿಗಿಂತ ಮುಂಚೆ ಬಂದು ಹಳೆಯ ಪಾಠವನ್ನು ವಾಪಸ್ ಕೂರಿಸಿದಳು. ಆಮೇಲೆ ದಿನಾ ಅದೇ ಕೆಲಸವಾಯಿತು. ನಾನು ಕಂಡೂ ಕಾಣದಂತಿದ್ದೆ.

ಜ್ವರ ಬಂದು ಅವಳು ರಜೆ ಹಾಕಿದ ದಿನ ಗುಟ್ಟು ರಟ್ಟಾಯಿತು. ಪರೀಕ್ಷೆ ಹತ್ತಿರವಿತ್ತು, ಭೂಗೋಳದ ಪಾಠಗಳೆಲ್ಲ ಅಳಿಸಿಹೋಗಿದ್ದವು. ಪ್ರಿನ್ಸಿಪಾಲರು ಕೆಟ್ಟವರಲ್ಲ. ಅವಳು ಬಂದ ಕೂಡಲೇ ಕರೆದರು.

"ನಿಮ್ಮಣ್ಣ ರಿಟೈರ್ ಆಗೋವರೆಗೂ ರಜೆ ಮೇಲೆ ಮನೇಲಿರಲಿ. ಆದ್ರೆ ಫೈಲ್ ಬದಲಾಯಿಸೋ ಅಧಿಕಾರ ಇವತ್ತೇ ತೆಗೀರಿ. ಅದನ್ನ ಮಾಡೋರು ನೀವೇ ಅಲ್ವಾ?"

"ಹೌದು ಸರ್" ಎಂದಳು. ಬಂದು ಕೂತಳು, ತೆಗೆದಳು, ಮುಂದಿನ ಕೆಲಸ ಎತ್ತಿಕೊಂಡಳು. ಮುಖದಲ್ಲಿ ಏನೂ ಇರಲಿಲ್ಲ. ಇವಳೇನು ಕಲ್ಲೇ ಅಂತ ನನಗೆ ಸಿಟ್ಟೇ ಬಂತು.

ಮನೆಯಲ್ಲಿ ಮೇಷ್ಟ್ರು ಊಟ ಬಿಟ್ಟರು. ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಫೈಲು ಬದಲಿಸಲು ಗುಂಡಿ ಒತ್ತುವುದು, ಅದು ಆಗದೆನ್ನುವುದು, ಮತ್ತೆ ಒತ್ತುವುದು. "ನನ್ನ ಕೆಲಸ ಹೋಯ್ತೇನೇ?" ಎಂದು ಕೇಳಿದರಂತೆ. ಮರುದಿನ ಅವಳು ಭೂಗೋಳ ತರಗತಿಯ ನಕಲೊಂದನ್ನು ಮಾಡಿದಳು. ಅದೇ ಹೆಸರು, ಅದೇ ಪಾಠಗಳ ಬೇರೆ ಪ್ರತಿಗಳು, ಮಕ್ಕಳು ಮಾತ್ರ ಇಲ್ಲ. ಅಲ್ಲಿ ಏನು ಅಳಿಸಿದರೂ ಯಾರಿಗೂ ತೊಂದರೆಯಿಲ್ಲ. ಅದರ ಅಧಿಕಾರವನ್ನು ಅಣ್ಣನಿಗೆ ಕೊಟ್ಟಳು. ಅವತ್ತು ಅವರು ಉಂಡರು.

ಮರೆವು ಬಂದರೂ ಮೇಷ್ಟ್ರು ಮೇಷ್ಟ್ರೇ. ಹಾಜರಿ ನೋಡುವ ಚಾಳಿ ಹೋಗಿರಲಿಲ್ಲ. "ಒಬ್ರೂ ಇಲ್ವಲ್ಲೇ. ನನ್ನ ಪಾಠ ಯಾರಿಗೂ ಬೇಡ್ವಾ?" ಎಂದವರು ತಟ್ಟೆಯನ್ನು ಮತ್ತೆ ಪಕ್ಕಕ್ಕೆ ಸರಿಸಿದರು.

ಮರುದಿನ ಆ ಖಾಲಿ ತರಗತಿಗೆ ಅವಳು ತನ್ನ ಹೆಸರನ್ನೇ ವಿದ್ಯಾರ್ಥಿನಿಯೆಂದು ಸೇರಿಸಿದ್ದನ್ನು ಕಣ್ಣಾರೆ ಕಂಡೆ. ಅವಳು ಪಾಠ ತೆರೆದಳು, ಓದಿದ ಗುರುತು ಹಾಕಿದಳು, ಮುಚ್ಚಿದಳು.

ವಾರ ಕಳೆದ ಮೇಲೆ ಕೇಳಿದೆ. "ಅಕ್ಕಾ, ಮೇಷ್ಟ್ರಿಗೆ ಗೊತ್ತಾಯ್ತಾ?"

"ಇಲ್ಲ. 'ನಿನ್ನ ಹೆಸರಿನ ಹುಡುಗಿ ಒಬ್ಬಳು ಸೇರಿದಾಳೆ ಕಣೇ, ದಿನಾ ಬಂದು ಓದ್ತಾಳೆ, ನಿನ್ನ ಥರ ಸೋಮಾರಿ ಅಲ್ಲ' ಅಂದ."

ಪರದೆಯಿಂದ ಕಣ್ಣು ತೆಗೆಯದೆ ಒಂದು ಬಿಳಿ ಹಾಳೆ ಎಳೆದುಕೊಂಡಳು.

"ನಿನ್ನೆ ಹೋಮ್‌ವರ್ಕ್ ಕೊಟ್ಟಿದಾನೆ. ಮಾಡ್ದೆ ಹೋದ್ರೆ ಆ ಹುಡುಗೀಗೆ ಏನಾಯ್ತೋ ಅಂತ ಯೋಚ್ನೆ ಮಾಡ್ತಾನೆ."